ಎಡಗೈಯವರ ರಾಜೀನಾಮೆ

ನನಗೂ ಒಂದು ಎಡಗೈ ಇದೆ ಎಂದು ನಾನು ಗಂಭೀರವಾಗಿ ಪರಿಗಣಿಸಿದ್ದು ಅದು ರಾಜೀನಾಮೆ ಕೊಟ್ಟ ದಿನ. ಮುನ್ಸೂಚನೆಯಿಲ್ಲ, ಅರ್ಜಿಯಿಲ್ಲ. ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಕೈಗಾರಿಕಾ ವಸಾಹತಿನ ಒಂದು ಸಣ್ಣ ಫೌಂಡ್ರಿಯಲ್ಲಿ ಬೆಳಗಿನ ಚಹಾ ಮುಗಿಸಿ ಉಳಿ ಎತ್ತಿಕೊಂಡಿದ್ದೆ. ಮರವನ್ನು ಹಿಡಿದಿದ್ದ ಎಡಗೈ ನಿಧಾನವಾಗಿ ಜಾರಿ ಬೆಂಚಿನ ಅಂಚಿನಲ್ಲಿ ಜೋತಾಡಿತು. ಮೇಲಕ್ಕೆ ಕರೆದೆ, ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಾಲೂ ಅದರ ಪಕ್ಷ ಸೇರಿತು. ನಾನು ಮರದ ಹೊಟ್ಟಿನ ಮೇಲೆ ಕುಳಿತೆ. ಕುಳಿತೆ ಎಂದು ನಾನು ಹೇಳುತ್ತೇನೆ. ನೋಡಿದವರು ಬಿದ್ದೆ ಎನ್ನುತ್ತಾರೆ.

ಮೊದಲು ಓಡಿ ಬಂದವನು ನಮ್ಮ ಮೋಲ್ಡರ್. ಭದ್ರಾವತಿಯ ಹೊಸನಗರದ ತಮಿಳಿನವನು, ಮಾತು ಜೋರು, ಮನಸ್ಸು ಮೆತ್ತಗೆ. "ಅಣ್ಣೇ, ಬಾಯಿ ಯಾಕೆ ಒಂದು ಕಡೆ ಹೋಗ್ತಾ ಇದೆ?" ಎಂದು ಕೇಳಿದ. ಬಾಯಿಯ ಪ್ರಯಾಣದ ಬಗ್ಗೆ ನನಗೆ ಮಾಹಿತಿ ಇರಲಿಲ್ಲ. ಆಸ್ಪತ್ರೆಯಲ್ಲಿ ಅದಕ್ಕೆ ಪಾರ್ಶ್ವವಾಯು ಎಂದರು. ನಮ್ಮ ಕೇರಿಯಲ್ಲಿ ಲಕ್ವ ಎಂದರು. ಎರಡೂ ಒಂದೇ, ಮೊದಲನೆಯದಕ್ಕೆ ಮಾತ್ರೆ ಹೆಚ್ಚು.

ನನ್ನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಬ್ಬಿಣದಲ್ಲಿ ಏನು ಎರಕವಾಗಬೇಕೋ ಅದನ್ನು ಮೊದಲು ಮರದಲ್ಲಿ ಮಾಡುವವನು ನಾನು. ಅದಕ್ಕೆ ಪ್ಯಾಟ್ರನ್ ಎನ್ನುತ್ತಾರೆ. ಮೋಲ್ಡರ್ ಆ ಮರವನ್ನು ಪೆಟ್ಟಿಗೆಯೊಳಗಿನ ಮರಳಿನಲ್ಲಿ ಹೂತು, ಬಡಿದು ಬಿಗಿ ಮಾಡಿ, ಆಮೇಲೆ ಮೇಲಕ್ಕೆತ್ತುತ್ತಾನೆ. ಉಳಿದ ಖಾಲಿ ಜಾಗಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಅಂದರೆ ನಾನು ಜೀವಮಾನವಿಡೀ ಶ್ರದ್ಧೆಯಿಂದ ತಯಾರಿಸಿದ ಸರಕು ಖಾಲಿ ಜಾಗ. ಆರುವಾಗ ಕಬ್ಬಿಣ ಕುಗ್ಗುವುದರಿಂದ ನಮ್ಮ ಅಳತೆಪಟ್ಟಿಯ ಅಂಗುಲ ಲೋಕದ ಅಂಗುಲಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರುತ್ತದೆ. ಮರ ಮೇಲೆದ್ದು ಬರುವಾಗ ಮರಳನ್ನು ಕಿತ್ತುಕೊಂಡು ಬರಬಾರದೆಂದು ಪಕ್ಕಗಳಿಗೆ ಒಂದಿಷ್ಟು ಇಳಿಜಾರು ಕೊಡಬೇಕು. ಇದಕ್ಕೆಲ್ಲ ಸೇರಿ ಒಂದೇ ಹೆಸರು, ಅಲೋಯನ್ಸ್. ಅಲೋಯನ್ಸ್ ಇಲ್ಲದ ಪ್ಯಾಟ್ರನ್ ಎಷ್ಟೇ ಸುಂದರವಾಗಿದ್ದರೂ ಸೌದೆ.

ಆಗ ಕೈಯಲ್ಲಿದ್ದದ್ದು ನೀರೆತ್ತುವ ದೊಡ್ಡ ಪಂಪಿನ ಹೊರಕವಚ. ಸುರುಳಿಯಾಗಿ ಬರುವುದರಿಂದ ನಾವು ಅದನ್ನು ಬಸವನಹುಳು ಎನ್ನುತ್ತಿದ್ದೆವು. ಅದರ ಪ್ಯಾಟ್ರನ್ನನ್ನು ಎರಡು ಹೋಳಾಗಿ ಮಾಡಿ ಜೋಡಿಸಬೇಕು. ಅಂಚಿಗೆ ಅಂಚು ಕೂಡಬೇಕು. ಮೇಲಿನ ಹೋಳು ಮುಗಿದಿತ್ತು. ಶಿವನೆ ಮರದ ದಿಮ್ಮಿಯಲ್ಲಿ ಅಖಂಡವಾಗಿ ತೋಡಿ, ಅರಗಿನ ಪಾಲಿಶ್ ಹೊಡೆದು, ಕನ್ನಡಿಯಂತೆ ಮಾಡಿದ್ದೆ. ಅದನ್ನು ನೋಡಲು ಮಾಲೀಕರು ಗಿರಾಕಿಗಳನ್ನು ಕರೆತರುತ್ತಿದ್ದರು. ನಾನು ಆ ಹೊತ್ತಿಗೆ ಸರಿಯಾಗಿ ಬೇರೇನೋ ಹುಡುಕುವವನಂತೆ ಅಲ್ಲೇ ಸುಳಿಯುತ್ತಿದ್ದೆ. ಕೆಳಗಿನ ಹೋಳನ್ನು ಶುರು ಮಾಡಿದ ದಿನವೇ ಎಡಗೈಯವರು ರಾಜೀನಾಮೆ ಕೊಟ್ಟರು.

ಆಸ್ಪತ್ರೆಯಿಂದ ಭದ್ರಾವತಿಯ ಹಳೇನಗರದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಪೂಜೆಗೆ ಕುಳಿತೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುತ್ತಾರೆ. ಬಲಗೈ ಪತ್ರೆ ಏರಿಸುವ, ವಿಭೂತಿ ಹಚ್ಚುವ ಗುಮಾಸ್ತ ಮಾತ್ರ, ಪೀಠ ಎಡಗೈ. ಇಷ್ಟು ವರ್ಷ ಪೀಠಾಧಿಪತಿಯ ಕಡೆಗೆ ನೋಡಿದ್ದೇನೆಯೇ ಹೊರತು ಪೀಠದ ಕಡೆಗೆ ನೋಡಿರಲಿಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಬೆರಳು ಬಿಡಿಸಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟೆ. ಒಂದು ಕ್ಷಣ ಕೂತಿತ್ತು. ಅಂಗೈ ತನ್ನಷ್ಟಕ್ಕೆ ಹೊರಳಿತು. ಲಿಂಗ ಮಣೆಗೆ ಬಡಿದು, ಉರುಳಿ, ಮಂಚದ ಕೆಳಗೆ ಹೋಯಿತು.

ಹೆಂಡತಿ ಅಡಿಗೆಮನೆಯಿಂದ ಬಂದಳು. ಮಂಚದ ಕೆಳಗೆ ನುಗ್ಗಿ ಸೆರಗಿನಲ್ಲಿ ಹಿಡಿದು ತಂದಳು. ನಾನು ಅದನ್ನು ತೆಗೆದುಕೊಂಡು ಕರಡಿಗೆಯಲ್ಲಿಟ್ಟು ಮುಚ್ಚಿದೆ. ಅಂದಿನಿಂದ ಕರಡಿಗೆ ಕೊರಳಲ್ಲಿ ಹಾಗೆಯೇ ಇತ್ತು. ತೆರೆಯಲಿಲ್ಲ. ಲಿಂಗ ಕೈಜಾರಿದರೆ ಪ್ರಾಣವನ್ನೇ ಬಿಡುತ್ತಿದ್ದ ಹಿರಿಯರ ಕಥೆಗಳನ್ನು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು. ನನಗೆ ಅಷ್ಟು ನಿಷ್ಠೆ ಇರಲಿಲ್ಲ. ಆದರೆ ಒಂದು ವಿಷಯ ಖಚಿತವಾಯಿತು: ಶಿವನಿಗೆ ಇನ್ನು ನನ್ನ ಹತ್ತಿರ ಹೇಳುವುದೇನೂ ಉಳಿದಿಲ್ಲ. ಕೂರುವುದಕ್ಕೆ ಜಾಗ ಕೊಡಲಾಗದ ಮನೆಗೆ ಯಾರು ಬರುತ್ತಾರೆ?

ಸಂಜೆ ಕೋಲೂರಿಕೊಂಡು ಭದ್ರೆಯ ಸೇತುವೆಯ ತನಕ ನಡೆಯಬೇಕೆಂಬುದು ವೈದ್ಯರ ಆಜ್ಞೆ. ಅಲ್ಲಿ ಕಟಾಂಜನಕ್ಕೆ ಒರಗಿ ನೀರನ್ನು ನೋಡುತ್ತ ನಿಲ್ಲುವುದು ನನ್ನ ಸ್ವಂತ ಸೇರ್ಪಡೆ. ಕೆಲವು ದಿನಗಳಾದ ಮೇಲೆ ಹೆಂಡತಿಯೂ ಜೊತೆಗೆ ಬರತೊಡಗಿದಳು. "ನಂಗೂ ಮಂಡಿನೋವು ಕಣ್ರೀ, ನಡೀಬೇಕು ಅಂದವ್ರೆ" ಎಂದಳು. ಅವಳಿಗೆ ಮಂಡಿನೋವು ಇರಲಿಲ್ಲ.

ಬೇಸಿಗೆ ಹತ್ತಿರವಾದಾಗ ಮಾಲೀಕರು ಸ್ಕೂಟರಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುಂಚೆ ಹಣ್ಣು ತರುವ ಅಭ್ಯಾಸ. ಅಂದು ಸೇಬು, ಮೂಸಂಬಿ ಎರಡೂ ಇದ್ದವು.

"ಮೇಸ್ತ್ರಿಗಳೇ, ಪಂಪಿನೋರು ಇನ್ನು ಕಾಯಲ್ಲ ಅಂತಾರೆ. ಬೇರೆ ಒಬ್ರನ್ನ ಕರೆಸಿ ತೋರಿಸ್ದೆ. ನಿಮ್ಮ ಹೋಳು ನೋಡಿ ಕೈ ಮುಗಿದು, ಇದರ ಜೋಡೀನ ಇದನ್ನ ಮಾಡಿದೋರೇ ಮಾಡ್ಬೇಕು ಅಂತ ಹೇಳಿ ಹೋಗ್ಬಿಟ್ರು."

"ಮಾಡಿದೋನು ತೀರಿಕೊಂಡ ಅಂತ ಹೇಳ್ಬೇಕಿತ್ತು."

"ಬಿಡ್ತು ಅನ್ನಿ." ಅವರು ಸೇಬಿನ ಚೀಲವನ್ನು ನನ್ನ ಹತ್ತಿರಕ್ಕೆ ತಳ್ಳಿದರು. "ಒಂದು ಸಲ ಬಂದು ನೋಡಿ. ಇದೂ ಆಗ್ಲಿಲ್ಲ ಅಂದ್ರೆ ಪ್ಯಾಟ್ರನ್ ಎಲ್ಲಾ ಹೊರಗೆ ಮಾಡಿಸ್ತೀನಿ. ಆಮೇಲೆ ಅಲ್ಲಿ ಬೆಂಚು ಇಟ್ಕೊಂಡು ನಾನೇನು ಮಾಡ್ಲಿ, ಹೇಳಿ."

ಬೆಂಚು ತೆಗೆಯುವುದು ಎಂದರೆ ನನ್ನನ್ನು ತೆಗೆಯುವುದು. ನಾನು ಬಡಗಿಯೂ ಅಲ್ಲ, ಕಮ್ಮಾರನೂ ಅಲ್ಲ. ಆ ಬೆಂಚಿನ ಹೊರಗೆ ನನ್ನ ವಿದ್ಯೆಗೆ ಹೆಸರಿಲ್ಲ. ಮರುದಿನ ಹೆಂಡತಿ ನನ್ನನ್ನು ಶಿವಮೊಗ್ಗದ ಬಸ್ಸಿಗೆ ಹತ್ತಿಸಿದಳು. ಕಂಡಕ್ಟರ್ ಎಡ ರಟ್ಟೆ ಹಿಡಿದು ಎಳೆದುಕೊಂಡ. ಅವನು ಹಿಡಿದದ್ದು ನನಗೆ ಗೊತ್ತಾದದ್ದು ಕಣ್ಣಿಂದ ನೋಡಿ.

ಕೆಲಸ ಶುರುವಾಯಿತು. ಶುರುವಾಯಿತು ಎನ್ನುವುದು ಸೌಜನ್ಯದ ಮಾತು. ದುಂಡು ಬಾಯಿಯ ಉಳಿಯಲ್ಲಿ ಸುರುಳಿ ತೋಡುವಾಗ ಬಲಗೈ ತಳ್ಳುತ್ತದೆ, ಎಡಗೈ ಉಳಿಯ ಕತ್ತು ಹಿಡಿದು ಬುದ್ಧಿ ಹೇಳುತ್ತದೆ. ಬುದ್ಧಿ ಹೇಳುವವರಿಲ್ಲದ ಉಳಿ ಮರದ ಎಳೆ ಕರೆದ ಕಡೆಗೆಲ್ಲ ಹೋಗುತ್ತಿತ್ತು. ದಿಮ್ಮಿಯನ್ನು ಬೆಂಚಿನ ಇಕ್ಕಳಕ್ಕೆ, ಅಂದರೆ ವೈಸಿಗೆ, ಸಿಕ್ಕಿಸಿದೆ. ದಿಮ್ಮಿ ದೊಡ್ಡದು, ವೈಸಿನ ಬಾಯಿ ಸಣ್ಣದು; ಹಿಡಿದಂತೆ ಮಾಡಿ ಬಿಟ್ಟುಬಿಡುತ್ತಿತ್ತು. ಹಗ್ಗ ಹಾಕಿ ಬೆಂಚಿಗೇ ಬಿಗಿದೆ. ಹಗ್ಗ ಇದ್ದ ಕಡೆ ತೋಡುವ ಹಾಗಿಲ್ಲ, ತೋಡಬೇಕಾದ ಕಡೆಯೇ ಹಗ್ಗ. ಪ್ರತಿ ಸಲ ಬಿಚ್ಚಿ ಕಟ್ಟಲು ಒಂದೇ ಕೈ, ಗಂಟಿಗೆ ಹಲ್ಲು. ಹೀಗೆ ಎಂಟು ಹತ್ತು ದಿನ ನಡೆಯಿತು. ಅಷ್ಟಿಷ್ಟು ಆಕಾರ ಬಂದ ಹೋಳನ್ನು ಹಳೆಯ ಹೋಳಿನ ಮೇಲಿಟ್ಟು ನೋಡಿದರೆ, ಒಂದು ಕಡೆ ಇದು ಹೊರಗೆ, ಇನ್ನೊಂದು ಕಡೆ ಅದು ಹೊರಗೆ. ಹೊಂದಿಸಲು ಮತ್ತೆ ತೋಡಿದೆ. ಉಳಿ ಹಾರಿ ಅಂಚನ್ನೇ ಸೀಳಿಕೊಂಡು ಹೋಯಿತು.

ಹೊಸ ದಿಮ್ಮಿ ತಂದರು. ಅದೂ ಹಾಗೆಯೇ ಆಯಿತು. ಈ ಸಲ ಉಳಿ ಮರವನ್ನು ಬಿಟ್ಟು ಎಡ ಅಂಗೈಯನ್ನು ಸೀಳಿತು. ನೋವಾಗಲಿಲ್ಲ. ಹೊಟ್ಟು ಕೆಂಪಾದದ್ದನ್ನು ಕಂಡು ಕೂಗಿದವನು ಮೋಲ್ಡರ್.

"ಏನಣ್ಣೇ ಇದು, ಕೆಲ್ಸನಾ ಯುದ್ಧನಾ?" ಎಂದು ಬಟ್ಟೆ ಸುತ್ತಿದ. "ಕರೀಬಾರ್ದಾ ನನ್ನ? ಆ ಕಡೆ ನಾನು ಹಿಡ್ಕೋತಿದ್ದೆ."

"ನೀನು ನಿನ್ನ ಮರಳು ನೋಡ್ಕೋ."

"ನೋಡ್ಕೋತಾ ಇದೀನಿ. ನೀನು ಮರ ಕೊಟ್ರೆ ತಾನೆ ಮರಳಿಗೆ ಕೆಲ್ಸ? ಮಹಾರಾಜರು ಇಲ್ಲಿ ಒಬ್ರೇ ಹೋರಾಡ್ತಾ ಇದಾರೆ."

ಅಂದು ನಾನು ಉಳಿಗಳನ್ನೆಲ್ಲ ಒರೆಸಿ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಮಾಲೀಕರಿಗೆ ಆಗುವುದಿಲ್ಲ ಎಂದು ಹೇಳಲು ಹೋದೆ, ಅವರು ಊರಲ್ಲಿರಲಿಲ್ಲ. ಸೋಲನ್ನು ಒಪ್ಪಿಸುವುದಕ್ಕೂ ಕಚೇರಿ ವೇಳೆ ನೋಡಬೇಕಾಯಿತು. ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದೆ. ಅಂದು ಸೇತುವೆಯ ತನಕವೂ ಹೋಗಲಿಲ್ಲ. ನೀರನ್ನು ನೋಡುವುದಕ್ಕೂ ಒಂದು ಆಸೆ ಬೇಕು ಎಂದು ತಿಳಿದದ್ದು ಆವತ್ತು.

ಮರುದಿನ ಬೆಳಿಗ್ಗೆ ಹೆಂಡತಿ ನನಗೆ ಹೇಳದೆ ಅಯ್ಯನವರನ್ನು ಕರೆತಂದಳು. ನಮ್ಮ ಮನೆತನಕ್ಕೆ ದೀಕ್ಷೆ ಕೊಡುತ್ತ ಬಂದ ಮನೆಯ ಹಿರಿಯರು, ಕಿವಿ ಮಂದ, ನಾಲಿಗೆ ಚುರುಕು. ಕುರ್ಚಿಯಲ್ಲಿ ಕುಳಿತು ಮೊದಲು ಕಾಫಿ ಕೇಳಿದರು, ಆಮೇಲೆ ನನ್ನನ್ನು ನೋಡಿದರು.

"ಪೂಜೆ ಬಿಟ್ಟಿದ್ದೀಯಂತೆ?"

"ಬಿಟ್ಟಿಲ್ಲ ಅಯ್ನೋರೇ. ಅಮಾನತ್ತಿನಲ್ಲಿದೆ."

"ಯಾರನ್ನ ಅಮಾನತ್ತು ಮಾಡಿದ್ದೀಯ? ನಿನ್ನನ್ನೋ, ಶಿವನನ್ನೋ?"

ನಾನು ಏನೋ ಗೊಣಗಿದೆ. ಅವರು ಕಿವಿಗೆ ಕೈ ಒಡ್ಡಿದರು. ಕಿವಿ ಮಂದವಾದವರ ಎದುರು ಗೊಣಗಿ ತಪ್ಪಿಸಿಕೊಳ್ಳಲಾಗುವುದಿಲ್ಲ. ಹೇಳುವುದಿದ್ದರೆ ಜೋರಾಗಿಯೇ ಹೇಳಬೇಕು. "ಲಿಂಗ ಕೈಯಿಂದ ಬಿತ್ತು" ಎಂದೆ. ಪಕ್ಕದ ಮನೆಗೂ ಕೇಳಿಸಿರಬೇಕು.

"ನೀನು ಬಿದ್ದದ್ದು ಯಾವಾಗ?"

"ಅದಕ್ಕೂ ಮುಂಚೆ. ಫೌಂಡ್ರೀಲಿ."

"ಮೊದಲು ನೀನು ಬಿದ್ದೆ, ಆಮೇಲೆ ಅದು. ಸರಿ ತಾನೆ?" ಅವರು ಲೋಟ ಕೆಳಗಿಟ್ಟರು. "ಹಂಗಾದ್ರೆ ಅದು ಬಿದ್ದದ್ದಲ್ಲ ಮಾರಾಯ. ನೀನು ಎಲ್ಲಿ ಬಿದ್ದಿದ್ದೀಯ ಅಂತ ನೋಡೋಕೆ ಇಳಿದು ಬಂದದ್ದು. ನೀನು ಮುಚ್ಚಿ ಮುಚ್ಚಿ ಇಡ್ತಿದ್ದೀಯ."

"ಹಾಗಂತ ಶಾಸ್ತ್ರದಲ್ಲಿ ಇದೆಯಾ?"

"ಇಲ್ಲ. ಕಾಫಿಗೆ ಸಕ್ಕರೆ ಕಡಿಮೆ ಆಗಿದೆ, ಅದೂ ಶಾಸ್ತ್ರದಲ್ಲಿಲ್ಲ."

ಅವರೇ ಕರಡಿಗೆ ತೆರೆಸಿದರು. ನೀರು ತರಿಸಿ, ಮಜ್ಜನ ಮಾಡಿಸಿ, ವಿಭೂತಿ ಹಚ್ಚಿದರು. ನನ್ನ ಎಡಗೈಯನ್ನು ಬಿಡಿಸಿ ಹಿಡಿದರು. ಮೋಲ್ಡರ್ ಸುತ್ತಿದ ಬಟ್ಟೆ ಇನ್ನೂ ಹಾಗೆಯೇ ಇತ್ತು. ಆಮೇಲೆ ಹೆಂಡತಿಯನ್ನು ಕರೆದು, "ನಿನ್ನ ಕೈ ಇದರ ಅಡಿಯಲ್ಲಿಡು ತಾಯಿ" ಎಂದರು.

ಅವಳು ಹಿಂಜರಿದಳು. "ಆಗ್ಬಹುದಾ ಅಯ್ನೋರೇ?"

"ಅಂಗೈ ಅವನದೇ ಇರಲಿ. ಅಂಗೈ ಕೆಳಗೆ ಏನಿರಬೇಕು ಅಂತ ಯಾರೂ ಹೇಳಿಲ್ಲ."

ಅವಳು ಕೈಯಿಟ್ಟಳು. ಲಿಂಗ ಕೂತಿತು. ಪುಸ್ತಕಗಳಲ್ಲಿ ಇಂಥ ಹೊತ್ತಿನಲ್ಲಿ ಬೆಳಕು ಕಾಣಿಸುತ್ತದೆ, ರೋಮಾಂಚನವಾಗುತ್ತದೆ. ನನಗೆ ಎರಡೂ ಆಗಲಿಲ್ಲ. ಅವಳ ಕೈಯ ಬಿಸಿಯೂ ತಿಳಿಯಲಿಲ್ಲ. ಆ ಕೈಗೆ ತಿಳಿಯುವ ಶಕ್ತಿಯೇ ಹೋಗಿತ್ತು. ಲಿಂಗ ಸ್ವಲ್ಪ ನಡುಗುತ್ತಿತ್ತು. ನಡುಗುತ್ತಿದ್ದದ್ದು ಅವಳು. ನಾನು ಪತ್ರೆ ಏರಿಸಿದೆ. ಆಮೇಲೆ ಅತ್ತುಬಿಟ್ಟೆ. ವಯಸ್ಸಾದವನ ಅಳು ನೋಡಲು ಚೆನ್ನಾಗಿರುವುದಿಲ್ಲ. ಬಾಯಿ ಸೊಟ್ಟಗಾದವನದು ಇನ್ನೂ ಚೆನ್ನಾಗಿರುವುದಿಲ್ಲ. "ಬೇಗ ಮುಗಿಸ್ರಿ, ಒಲೆ ಮೇಲೆ ಅನ್ನ ಐತೆ" ಎಂದಳು ಅವಳು, ಮೂಗೇರಿಸುತ್ತ. ಅನ್ನ ಸೀದಿತ್ತು. ಅಯ್ಯನವರು ಅದನ್ನೇ ಪ್ರಸಾದವೆಂದು ಉಂಡು ಹೋದರು.

ಮಧ್ಯಾಹ್ನದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೊರಟೆ. ದಾರಿಯಲ್ಲಿ ತಲೆಯಲ್ಲಿದ್ದದ್ದು ಶಿವನಲ್ಲ, ಬಸವನಹುಳು. ಇಷ್ಟು ದಿನ ಎಲ್ಲರೂ, ನನ್ನನ್ನೂ ಸೇರಿಸಿ, ಒಂದೇ ತಪ್ಪು ಮಾಡುತ್ತಿದ್ದೆವು. ಎರಡು ಕೈಯಿದ್ದವನು ಮಾಡಿದ ಹೋಳಿಗೆ ಒಂದು ಕೈಯವನ ಹೋಳನ್ನು ಕೂಡಿಸಲು ಹೊರಟಿದ್ದೆವು. ಅದು ಕೂಡುವುದಿಲ್ಲ. ಆ ಮನುಷ್ಯ ಇಲ್ಲ. ಅವನನ್ನು ಮುಟ್ಟಲು ಎಷ್ಟು ಏಣಿ ಹಾಕಿದರೂ ಬೀಳುವುದೇ. ಆದರೆ ನಕ್ಷೆ ಕೇಳುವುದು ಹಳೆಯ ಹೋಳಿಗೆ ಕೂಡುವ ಹೋಳನ್ನಲ್ಲ. ಒಂದಕ್ಕೊಂದು ಕೂಡುವ ಎರಡು ಹೋಳುಗಳನ್ನು. ಎರಡನ್ನೂ ಇದೇ ಕೈ ಮಾಡಿದರೆ ಇದರ ಸೊಟ್ಟ ಅದಕ್ಕೂ ಇರುತ್ತದೆ. ಹೊಂದಿಕೊಂಡ ಸೊಟ್ಟವನ್ನು ಯಾರೂ ಸೊಟ್ಟ ಎನ್ನುವುದಿಲ್ಲ.

ಮಾಲೀಕರು ಊರಿಗೆ ಬಂದಿದ್ದರು. ಆಗುವುದಿಲ್ಲ ಎನ್ನಬೇಕಾದ ಜಾಗದಲ್ಲಿ ನಿಂತು, ಮೇಲಿನ ಹೋಳನ್ನೂ ಬಿಟ್ಟು ಎರಡನ್ನೂ ಮೊದಲಿಂದ ಮಾಡುತ್ತೇನೆ ಎಂದೆ. ಅವರು ನನ್ನ ಕಾಯಿಲೆ ತಲೆಗೂ ಹತ್ತಿತೇ ಎಂಬಂತೆ ನೋಡಿದರು.

"ಮಾಡಿ. ಇದೇ ಕೊನೇದು" ಎಂದರು.

ಈ ಸಲ ದಿಮ್ಮಿಯಲ್ಲಿ ತೋಡುವ ದೊಡ್ಡಸ್ತಿಕೆ ಬಿಟ್ಟೆ. ಸುರುಳಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ನಕ್ಷೆ ಹಾಕಿಕೊಂಡೆ. ಅಂಗೈಯಗಲದ ತುಂಡನ್ನು ವೈಸು ಗಟ್ಟಿಯಾಗಿ ಹಿಡಿಯುತ್ತದೆ. ಒಂದು ಕೈ ಸಾಕು. ಮೇಲಿನದಕ್ಕೊಂದು ತುಂಡು, ಕೆಳಗಿನದಕ್ಕೊಂದು, ಜೋಡಿ ಜೋಡಿಯಾಗಿ ಕಡಿದು, ಬೆನ್ನಿಗೆ ಬೆನ್ನು ಕೊಟ್ಟು ತಾಳೆ ನೋಡಿ, ಅಂಟು ಹಾಕಿ ಕೂಡಿಸುತ್ತ ಹೋದೆ. ಇಳಿಜಾರನ್ನು ವಾಡಿಕೆಗಿಂತ ಧಾರಾಳವಾಗಿ ಬಿಟ್ಟೆ. ಮೊದಲಾಗಿದ್ದರೆ ಅಷ್ಟು ಅಲೋಯನ್ಸ್ ಕೊಡುವವರನ್ನು ಕೈಲಾಗದವರು ಎಂದು ನಗುತ್ತಿದ್ದೆ. ತುಂಡು ತುಂಡು ಸೇರುವ ಸಂದುಗಳನ್ನು ಕೊನೆಗೆ ಒಂದೇ ಓಟದಲ್ಲಿ ಸವರಬೇಕು. ಅಲ್ಲಿ ವೈಸು ನಡೆಯುವುದಿಲ್ಲ. ಮೋಲ್ಡರ್ ಮರಳು ಬಡಿಯುತ್ತಿದ್ದ ಕಡೆಯ ಬಾಗಿಲ ಹತ್ತಿರ ಹೋಗಿ ನಿಂತೆ. ಕರೆಯಲು ಬಾಯಿ ಬರಲಿಲ್ಲ. ಅವನೇ ನೋಡಿದ.

"ಬರ್ಲಾ?"

"ಬಾ."

ಮೋಲ್ಡರ್ ಕೈತೊಳೆದು ಬಂದು ಉಳಿಯ ಕತ್ತು ಹಿಡಿದ. ನಾನು ತಳ್ಳಿದೆ. ಮೊದಲ ದಿನ ನಾವಿಬ್ಬರೂ ಬೈದುಕೊಂಡದ್ದನ್ನು ಬರೆಯುವ ಹಾಗಿಲ್ಲ. ಅದರಲ್ಲಿ ಅರ್ಧ ತಮಿಳು. ಆಮೇಲಾಮೇಲೆ ಉಳಿ ಮಾತು ಕೇಳಿತು. ಸಂದುಗಳಲ್ಲಿ ಸಣ್ಣ ಅಲೆಗಳು ಉಳಿದವು. ಇನ್ನೂ ಉಜ್ಜಬೇಕೆಂದೆ.

"ಸಾಕು ಬಿಡಣ್ಣೇ. ಮರಳಿಗೆ ನಿನ್ನ ಕೈಯಿ ಗೊತ್ತಾ? ಇಳಿಜಾರು ಇದ್ರೆ ಬಿಡುತ್ತೆ, ಇಲ್ಲಾಂದ್ರೆ ಕಿತ್ಕೊಳ್ಳುತ್ತೆ. ಅಷ್ಟೇ ಅದಕ್ಕೆ ಗೊತ್ತು."

ಮರಳು ಬಿಟ್ಟಿತು. ಪ್ಯಾಟ್ರನ್ ಎತ್ತಿದಾಗ ಒಂದು ಹರಳೂ ಉದುರಲಿಲ್ಲ. ನೀರು ಹರಿಯುವ ಜಾಗ ಟೊಳ್ಳಾಗಿ ಉಳಿಯಲೆಂದು ಮರಳಿನ ತಿರುಳು ಇಳಿಸಿ, ಪೆಟ್ಟಿಗೆ ಮುಚ್ಚಿ, ಕಬ್ಬಿಣ ಹೊಯ್ದರು. ಮರುದಿನ ಒಡೆದು ತೆಗೆದಾಗ ಬಸವನಹುಳು ಇಡಿಯಾಗಿ ಬಂತು. ಅಂಚು ಅಂಚಿಗೆ ಕೂತಿತ್ತು. ನಾನು ಸಂತೋಷಪಡಲಿಲ್ಲ; ಕಾಯಿಲೆ ಕಲಿಸುವ ಪಾಠಗಳಲ್ಲಿ ಅದೂ ಒಂದು. ಎಲ್ಲಾದರೂ ಸೋರುತ್ತದೆಯೇ ನೋಡಲು ಒಳಗೆ ನೀರು ತುಂಬಿ ಒತ್ತಡ ಕೊಟ್ಟರು. ಹೊಟ್ಟೆಯ ಹತ್ತಿರ, ತುಂಡುಗಳ ಒಂದು ಸಂದು ಬಿದ್ದಿದ್ದಲ್ಲಿ, ಕಬ್ಬಿಣ ಬೆವರಿತು. ಒರೆಸಿದರು. ಮತ್ತೆ ಬೆವರಿತು.

ಮಾಲೀಕರು ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ನಾನು ನನ್ನ ಬೆಂಚಿನ ಉದ್ದಗಲ ನೋಡಿದೆ. ಅದು ಹೋದ ಮೇಲೆ ಅಲ್ಲಿ ಸ್ಕೂಟರ್ ನಿಲ್ಲಿಸಬಹುದಿತ್ತು.

ಮೋಲ್ಡರ್ ಎಲ್ಲಿಂದಲೋ ಒಂದು ಡಬ್ಬದಲ್ಲಿ ನವಸಾಗರ ಕರಗಿಸಿದ ನೀರು ತಂದ. "ಸಣ್ಣ ಬೆವರು ಅಣ್ಣೇ. ಇದಕ್ಕೆ ತುಕ್ಕು ಹಿಡಿಸ್ಬೇಕು" ಎಂದ. ಫೌಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ, ನನಗೇ ಹೊಳೆದಿರಲಿಲ್ಲ. ಒಳಗೆ ಆ ನೀರು ತುಂಬಿ ಬಿಟ್ಟರೆ ಕಣ್ಣಿಗೆ ಕಾಣದ ತೂತುಗಳಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ; ಉಬ್ಬಿದ ತುಕ್ಕೇ ತೂತನ್ನು ಮುಚ್ಚುತ್ತದೆ. ಮುಚ್ಚದೆಯೂ ಇರಬಹುದು. ಎರಡು ದಿನ ಬಿಟ್ಟೆವು. ಆ ಎರಡು ದಿನವೂ ಬೆಳಿಗ್ಗೆ ಹೆಂಡತಿಯ ಕೈ ನನ್ನ ಕೈಯ ಅಡಿಯಲ್ಲಿತ್ತು. ನಾನು ಏನನ್ನೂ ಬೇಡಲಿಲ್ಲ. ಬೇಡಬಾರದೆಂದಲ್ಲ, ಅಷ್ಟು ಹೊತ್ತಿಗೆ ಬೇಡುವುದೂ ಸುಸ್ತಿನ ಕೆಲಸವಾಗಿತ್ತು. ಬೇಡದೆಯೂ ಅಲ್ಲಿ ಕುಳಿತಿರಬಹುದು ಎಂಬುದು ಮಾತ್ರ ಹೊಸದು.

ಮೂರನೆಯ ದಿನ ಮತ್ತೆ ನೀರು ತುಂಬಿ ಒತ್ತಡ ಕೊಟ್ಟರು. ಮಾಲೀಕರು ಬಟ್ಟೆ ಹಿಡಿದು ಕಾದರು. ಒರೆಸಲು ಏನೂ ಬರಲಿಲ್ಲ. ಆದರೂ ಒಂದು ಸಲ ಒರೆಸಿದರು.

"ಇಂಥದ್ದೇ ಇನ್ನೊಂದು ಅಳತೇದು ಕೇಳ್ತಾ ಇದಾರೆ ಮೇಸ್ತ್ರಿಗಳೇ" ಎಂದರು.

ಎಡಗೈಯವರು ರಾಜೀನಾಮೆ ಹಿಂತೆಗೆದುಕೊಳ್ಳಲಿಲ್ಲ, ಇಂದಿಗೂ. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಹೆಣ್ಣುಮಗಳು ಹೆಬ್ಬೆರಳು ಒಮ್ಮೆ ಆಡಿತೆಂದು ಹೇಳಿದಳು. ಅವಳ ಸಂತೋಷಕ್ಕೆ ನಾನೂ ಹೌದೆಂದೆ.

ಹೊಸ ಕೆಲಸಕ್ಕೆ ಒಣಗಿದ ಶಿವನೆ ಮರ ಬೇಕಿತ್ತು. ಗೋದಾಮಿನಲ್ಲಿ ಇರಲಿಲ್ಲ. ಕಪಾಟಿನ ಮೇಲೆ ಹಳೆಯ ಹೋಳು ಇತ್ತು, ಪಾಲಿಶ್ ಹಾಗೆಯೇ ಹೊಳೆಯುತ್ತಿತ್ತು. ಇಳಿಸಿಕೊಡು ಎಂದೆ. ಮೋಲ್ಡರ್ ಇಳಿಸಿ, ಬೆಂಚಿನ ತಡೆಗೆ ಒತ್ತಿಟ್ಟ. ನಾನು ಗರಗಸ ತೆಗೆದುಕೊಂಡದ್ದನ್ನು ಕಂಡು ಬೆಚ್ಚಿದ.

"ಇದನ್ನ ಕುಯ್ತೀಯಾ? ಇಷ್ಟು ಚೆನ್ನಾಗಿದೆ."

"ಒಳ್ಳೇ ಮರ. ಆರು ತುಂಡಾಗುತ್ತೆ."

"ತಡಿ, ಹಿಡ್ಕೋತೀನಿ."

"ಬೇಡ, ಇದಕ್ಕೆ ಬೇಡ" ಎಂದೆ. ಬಲಗೈಯಿಂದ ಎಡಗೈಯನ್ನು ಎತ್ತಿ ಮರದ ಮೇಲೆ ಅಡ್ಡ ಮಲಗಿಸಿ, ಭುಜದ ಭಾರ ಬಿಟ್ಟೆ. ಜೀವವಿಲ್ಲದ ಕೈಗೆ ತೂಕ ಜಾಸ್ತಿ. ಗರಗಸ ಒಂದೆರಡು ಸಲ ಮೇಲೆ ಮೇಲೆ ಜಾರಿ, ಆಮೇಲೆ ಪಾಲಿಶ್ ದಾಟಿ ಒಳಗೆ ಕಚ್ಚಿತು. ಮರ ಇದ್ದಲ್ಲೇ ಇತ್ತು.